ನಾಲ್ಕು ಮಾರ್ಕಿನ ವಾದ

ಇಂಟರ್ನಲ್ ಪರೀಕ್ಷೆಯ ಮಾರ್ಕು ಓದಿ ಹೇಳಿದ ಮರುದಿನ ನಮ್ಮ ಸ್ಟಾಫ್ ರೂಮಿನ ವರಾಂಡದಲ್ಲಿ ಒಂದು ಸಾಲು ನಿಲ್ಲುತ್ತದೆ. ಎಲ್ಲರ ಕೈಯಲ್ಲೂ ಮೊಬೈಲ್, ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ. ಇಪ್ಪತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿದ ಮೇಲೆ, ಆ ಸಾಲಿನಲ್ಲಿ ಯಾರು ಯಾವ ಮಾತಿನಿಂದ ಶುರು ಮಾಡುತ್ತಾರೆ ಎಂದು ನಾನು ಮೊದಲೇ ಹೇಳಬಲ್ಲೆ.

"ಸಾರ್, ನಾನು ಸುಬ್‌ಹಿ ಬಾಂಗ್ ಆಗುವವರೆಗೆ ಓದಿದ್ದೆ."

"ಸಾರ್, ನಾನು ಎರಡು ಎಕ್ಸ್‌ಟ್ರಾ ಶೀಟ್ ತೆಗೊಂಡಿದ್ದೇನೆ. ಅಷ್ಟು ಬರೆದವನಿಗೆ ಹನ್ನೆರಡಾ?"

"ಬೇರೆ ಎಲ್ಲಾ ಸಬ್ಜೆಕ್ಟಲ್ಲಿ ನನಗೆ ಮೂವತ್ತರ ಮೇಲೆ ಉಂಟು ಸಾರ್. ನಿಮ್ಮದರಲ್ಲಿ ಮಾತ್ರ ಹೀಗೆ."

"ಕಳೆದ ವರ್ಷದವರಿಗೆ ನೀವು ತುಂಬಾ ಕೊಟ್ಟಿದ್ದೀರಂತೆ."

"ನನಗೆ ಕಮ್ಮಿ ಆದ್ರೆ ಬಾಪ ಗಲ್ಫಿಗೆ ಕರೆಸಿಕೊಳ್ತಾರೆ ಸಾರ್, ಅಂಗಡಿಯಲ್ಲಿ ನಿಲ್ಲಿಸ್ತಾರೆ."

ಕೇಳುವಾಗ ಪಾಪ ಅನಿಸುತ್ತದೆ. ನಾನೂ ಒಂದು ಕಾಲದಲ್ಲಿ ಹೀಗೆಯೇ ಮಾರ್ಕು ಕೇಳಿದವನು. ಆದರೆ ಒಂದೊಂದನ್ನೂ ಬಿಡಿಸಿ ನೋಡಿ. ರಾತ್ರಿಯಿಡೀ ಓದಿದ್ದು ನಿಜವೇ ಇರಬಹುದು, ಆದರೆ ಮಾರ್ಕು ಓದಿದ್ದಕ್ಕಲ್ಲ, ಬರೆದದ್ದಕ್ಕೆ. ಬೇರೆ ವಿಷಯದಲ್ಲಿ ಮೂವತ್ತು ಬಂದರೆ ಈ ವಿಷಯದಲ್ಲಿಯೂ ಬರಬೇಕೆಂದಿಲ್ಲ. ಕಳೆದ ವರ್ಷದವರಿಗೆ ನಾನು ತಪ್ಪಿ ಹೆಚ್ಚು ಕೊಟ್ಟಿದ್ದರೆ, ಅದು ಈ ವರ್ಷ ಅದೇ ತಪ್ಪು ಮಾಡಲು ಕಾರಣ ಆಗುವುದಿಲ್ಲ. ಗಲ್ಫಿನ ಅಂಗಡಿಯ ಮಾತು ಕೇಳಿ ಎದೆ ಚುರುಕ್ ಎನ್ನುತ್ತದೆ, ಆದರೂ ಅದರಿಂದ ಮೂರನೇ ಪ್ರಶ್ನೆಯ ಉತ್ತರ ಸರಿಯಾಗುವುದಿಲ್ಲ. ಕೇಳುವುದಕ್ಕೆ ವಾದದ ಹಾಗೆ ಇದ್ದು, ಒಳಗೆ ವಾದ ಇಲ್ಲದಿರುವುದಕ್ಕೆ ಕನ್ನಡದಲ್ಲಿ ತರ್ಕದೋಷ ಎನ್ನುತ್ತಾರೆ. ಅರಬಿಯಲ್ಲಿ ಮುಗಾಲತ.

ಈ ಅರಬಿ ಶಬ್ದ ನನಗೆ ಕಾಲೇಜಿನಲ್ಲಿ ಸಿಕ್ಕಿದ್ದಲ್ಲ, ಪಳ್ಳಿಯ ದರ್ಸಿನಲ್ಲಿ. ನಾನು ದರ್ಸಿನಲ್ಲಿ ಕೂತದ್ದು ಎರಡೇ ವರ್ಷ. ಮಂತಿಖ್, ಅಂದರೆ ತರ್ಕಶಾಸ್ತ್ರ, ಅಲ್ಲಿ ನಮಗೆ ಬಾಯಿಪಾಠ. 'ಈಸಾಗೂಜಿ' ಎಂಬ ಪುಟ್ಟ ಕಿತಾಬು. ಹೆಸರು ಅರಬಿಯಲ್ಲ, ಗ್ರೀಕ್. ಪೀಠಿಕೆ ಎಂದು ಅರ್ಥ. ಬರೆದವರು 13ನೇ ಶತಮಾನದ ಅಸೀರುದ್ದೀನ್ ಅಲ್ ಅಬ್‌ಹರಿ. ಅರಿಸ್ಟಾಟಲ್ ತನ್ನ ಗ್ರಂಥದಲ್ಲಿ ಹದಿಮೂರು ಬಗೆಯ ತರ್ಕದೋಷಗಳನ್ನು ಎಣಿಸಿದ್ದ, ಆರು ಭಾಷೆಯಿಂದ ಹುಟ್ಟುವವು, ಏಳು ಭಾಷೆಯ ಹೊರಗಿನವು. ಆ ವಿದ್ಯೆ ಅರಬಿಗೆ ಬಂದು, ಫಾರಾಬಿ, ಇಬ್ನ್ ಸೀನಾ ಅವರ ಕೈ ದಾಟಿ, ಕೊನೆಗೆ ನಮ್ಮ ಊರಿನ ಪಳ್ಳಿಯ ಚಾಪೆಯ ಮೇಲೆ ಕೂತ ಹುಡುಗರವರೆಗೆ ತಲುಪಿತ್ತು. ನಮ್ಮಲ್ಲಿ ಎಷ್ಟೋ ಮಂದಿಗೆ ದರ್ಸ್ ಎಂದರೆ ಬರೇ ನಮಾಝ್, ನೋಂಬಿನ ಮಸಲೆ ಕಲಿಸುವ ಜಾಗ ಎಂಬ ಎಣಿಕೆ ಉಂಟು. ಅಲ್ಲಿ ತರ್ಕ ಕಲಿಸುತ್ತಾರೆ ಎಂದರೆ ಈಗಲೂ ನನ್ನ ಸಹೋದ್ಯೋಗಿಗಳು ನಂಬುವುದಿಲ್ಲ.

ಆ ಕಿತಾಬಿನ ಕೊನೆಯಲ್ಲಿ ವಾದದಲ್ಲಿ ಐದು ಬಗೆ ಎಂದು ಹೇಳುತ್ತದೆ. ಬುರ್‌ಹಾನ್ ಎಂದರೆ ಖಚಿತ ಪುರಾವೆಯಿಂದ ಸಾಧಿಸಿದ್ದು. ಜದಲ್, ಎದುರಿನವರು ಒಪ್ಪಿದ ಮಾತನ್ನೇ ಹಿಡಿದು ನಡೆಸುವ ಚರ್ಚೆ. ಖಿತಾಬತ್, ಜನರನ್ನು ಒಪ್ಪಿಸುವ ಭಾಷಣ. ಶಿಅರ್, ಮನಸ್ಸನ್ನು ಕಲಕುವ ಕಾವ್ಯದ ಮಾತು. ಐದನೆಯದು ಮುಗಾಲತ, ಮೋಸದ ವಾದ. ಇವುಗಳಲ್ಲಿ ನೆಚ್ಚಬೇಕಾದದ್ದು ಬುರ್‌ಹಾನನ್ನು ಮಾತ್ರ ಎಂದು ಅಬ್‌ಹರಿ ಕಿತಾಬು ಮುಗಿಸುತ್ತಾರೆ. ಈಗ ಸ್ಟಾಫ್ ರೂಮಿನ ಎದುರಿನ ಸಾಲು ನೋಡುವಾಗ ನನಗೆ ಆ ಐದೂ ನೆನಪಾಗುತ್ತವೆ. ಖಿತಾಬತ್ ಬೇಕಾದಷ್ಟು, ಶಿಅರ್ ಅದಕ್ಕಿಂತ ಹೆಚ್ಚು, ಹೆಣ್ಣುಮಕ್ಕಳಲ್ಲಿ ಕಣ್ಣೀರಿನ ಸಮೇತ, ಗಂಡುಮಕ್ಕಳಲ್ಲಿ ಅಜ್ಜಿಯ ಕಾಯಿಲೆಯ ಸಮೇತ. ಬುರ್‌ಹಾನ್ ತರುವವರು ವರ್ಷಕ್ಕೆ ಒಬ್ಬರೋ ಇಬ್ಬರೋ.

ಮೋಸದ ವಾದಕ್ಕೆ ನಮ್ಮ ಉಸ್ತಾದರು ಕೊಡುತ್ತಿದ್ದ ಉದಾಹರಣೆ ಹಳೆಯ ಶರಹುಗಳಲ್ಲಿ ಬರುವಂಥದ್ದೇ. ಗೋಡೆಯ ಮೇಲೆ ಕುದುರೆಯ ಚಿತ್ರ ಉಂಟು. ಅದನ್ನು ತೋರಿಸಿ ಒಬ್ಬ ಹೇಳುತ್ತಾನೆ: ಇದು ಕುದುರೆ, ಕುದುರೆಗಳೆಲ್ಲ ಕೆನೆಯುತ್ತವೆ, ಹಾಗಾದರೆ ಇದೂ ಕೆನೆಯುತ್ತದೆ. ನಾವು ನಕ್ಕರೆ ಉಸ್ತಾದರು, "ನಗಬೇಡ ಮೋನೇ, ಎಲ್ಲಿ ತಪ್ಪಿದೆ ಹೇಳು" ಎನ್ನುತ್ತಿದ್ದರು. ಹೇಳಲು ಬಹಳ ಹೊತ್ತು ಬೇಕಾಗುತ್ತಿತ್ತು. ಮೊದಲನೆಯ ಮಾತಿನ 'ಕುದುರೆ' ಚಿತ್ರ, ಎರಡನೆಯ ಮಾತಿನ 'ಕುದುರೆ' ಪ್ರಾಣಿ. ಶಬ್ದ ಒಂದೇ, ಅರ್ಥ ಎರಡು. ಎರಡು ಎಕ್ಸ್‌ಟ್ರಾ ಶೀಟಿನ ಹುಡುಗನ ವಾದವೂ ಇದೇ. ಉತ್ತರಕ್ಕೆ ಮಾರ್ಕು ಉಂಟು, ನಾನು ಹತ್ತು ಪುಟ ಉತ್ತರ ಬರೆದಿದ್ದೇನೆ, ನನಗೆ ಮಾರ್ಕು ಬರಬೇಕು. ಹತ್ತು ಪುಟದಲ್ಲಿ ಇದ್ದದ್ದು ಉತ್ತರದ ಚಿತ್ರ. ಕೆನೆಯುವುದಿಲ್ಲ.

ಇಷ್ಟಕ್ಕೂ ಮೇಲಿನ ಸ್ಥಾನ ಬೇಕೆಂದು ವಾದಿಸುವ ಚಾಳಿ ಮಕ್ಕಳಿಂದ ಶುರುವಾದದ್ದಲ್ಲ. ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರುವ ಕಥೆ ನೋಡಿ. ಆದಮ್ ಅಲೈಹಿಸ್ಸಲಾಮರಿಗೆ ಸುಜೂದ್ ಮಾಡು ಎಂದಾಗ ಇಬ್ಲೀಸ್ ಹೇಳಿದ್ದೇನು? ನಾನು ಅವನಿಗಿಂತ ಮೇಲು, ನನ್ನನ್ನು ಬೆಂಕಿಯಿಂದ, ಅವನನ್ನು ಮಣ್ಣಿನಿಂದ ಸೃಷ್ಟಿಸಿದ್ದೀ ಎಂದು. ಸೂರಃ ಅಲ್ ಅಅರಾಫಿನಲ್ಲಿ ಬರುತ್ತದೆ. ಬೆಂಕಿ ಮಣ್ಣಿಗಿಂತ ಮೇಲು ಎಂದು ಯಾರು ಹೇಳಿದರು? ಅದಕ್ಕೆ ಪುರಾವೆ ಇಲ್ಲ. ಮೇಲು ಎಂದೇ ಇಟ್ಟುಕೊಂಡರೂ, ಅಪ್ಪಣೆ ಪಾಲಿಸದಿರಲು ಅದು ಕಾರಣ ಹೇಗಾಗುತ್ತದೆ? ಅದಕ್ಕೂ ಉತ್ತರ ಇಲ್ಲ. ತಪ್ಪು ಹೋಲಿಕೆಯ ಮೊದಲ ವಾದ ಇದು ಎಂದು ಹಿಂದಿನ ಉಲಮಾಗಳು ಹೇಳಿದ್ದುಂಟು.

ಇನ್ನೊಂದು ಸೂರಃ ಅಲ್ ಬಕರದ್ದು. ಇಬ್ರಾಹಿಂ ನಬಿಯವರು ರಾಜನ ಎದುರು, ಜೀವ ಕೊಡುವವನೂ ಮರಣ ಕೊಡುವವನೂ ನನ್ನ ಪ್ರಭು ಎನ್ನುತ್ತಾರೆ. ರಾಜ (ನಮ್ರೂದ್ ಎನ್ನುತ್ತಾರೆ ತಫ್ಸೀರಿನವರು), ನಾನೂ ಜೀವ ಕೊಡುತ್ತೇನೆ, ನಾನೂ ಮರಣ ಕೊಡುತ್ತೇನೆ ಎನ್ನುತ್ತಾನೆ. ಒಬ್ಬ ಕೈದಿಯನ್ನು ಬಿಟ್ಟ, ಇನ್ನೊಬ್ಬನನ್ನು ಕೊಂದ ಎಂದು ತಫ್ಸೀರುಗಳಲ್ಲಿದೆ. ಗೋಡೆಯ ಕುದುರೆಯೇ ಇಲ್ಲಿ ಮತ್ತೆ ಬಂತು. ಜೀವ ಕೊಡುವುದು ಎಂಬ ಮಾತಿಗೆ ಎರಡು ಅರ್ಥ ಹಚ್ಚಿದ. ಇಬ್ರಾಹಿಂ ನಬಿಯವರು ಆ ಶಬ್ದದ ಜಗಳಕ್ಕೆ ನಿಲ್ಲಲಿಲ್ಲ. ಅಲ್ಲಾಹು ಸೂರ್ಯನನ್ನು ಪೂರ್ವದಿಂದ ತರುತ್ತಾನೆ, ನೀನು ಪಶ್ಚಿಮದಿಂದ ತಾ ನೋಡುವ ಎಂದರು. ರಾಜನ ಬಾಯಿ ಕಟ್ಟಿತು. 1111ರಲ್ಲಿ ತೀರಿಕೊಂಡ ಇಮಾಂ ಗಝಾಲಿ ತಮ್ಮ 'ಅಲ್ ಖಿಸ್ತಾಸುಲ್ ಮುಸ್ತಖೀಂ' ಎಂಬ ಕಿತಾಬಿನಲ್ಲಿ ಈ ವಾದವನ್ನು ಎತ್ತಿಕೊಂಡು, ಇದರೊಳಗಿನ ತರ್ಕದ ಅಚ್ಚು ಯಾವುದು ಎಂದು ವಿವರಿಸುತ್ತಾರೆ. ಕಿತಾಬಿನ ಹೆಸರಿನ ಅರ್ಥ ಸರಿಯಾದ ತಕ್ಕಡಿ. ಕುರ್‌ಆನಿನಿಂದ ಐದು ತಕ್ಕಡಿಗಳನ್ನು ಅವರು ತೆಗೆದು ತೋರಿಸುತ್ತಾರೆ. ಮಾರ್ಕು ಹಾಕುವವನ ಮೇಜಿನ ಮೇಲೆ ಇರಬೇಕಾದ ಹೆಸರು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಇಷ್ಟೆಲ್ಲ ತಿಳಿದವನು ನಾನು ಎಂಬ ಜಂಬ ನನಗೆ ಇತ್ತು. ಆ ಜಂಬ ಇಳಿದ ಕಥೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಎರಡನೇ ವರ್ಷದ ಡಿಗ್ರಿಯ ಹುಡುಗಿಯೊಬ್ಬಳು ನಲವತ್ತು ಮಾರ್ಕಿನ ಇಂಟರ್ನಲ್‌ನಲ್ಲಿ ಹದಿನಾರು ತೆಗೆದಿದ್ದಳು. ಅವಳಿಗೆ ಒಂದು ಟ್ರಸ್ಟಿನಿಂದ ಸ್ಕಾಲರ್‌ಶಿಪ್ ಬರುತ್ತಿತ್ತು. ಪ್ರತಿ ವಿಷಯದ ಇಂಟರ್ನಲ್‌ನಲ್ಲಿ ಅರ್ಧದಷ್ಟಾದರೂ ಇದ್ದರೆ ಮಾತ್ರ ಮುಂದಿನ ಕಂತು. ನಾಲ್ಕು ಮಾರ್ಕು ಕಡಿಮೆ. ಫಾರ್ಮ್ ಕೊಡಲು ಶನಿವಾರ ಕೊನೆ. ಬುಧವಾರ ಅವಳು ತಾಯಿಯನ್ನು ಕರೆದುಕೊಂಡು ಬಂದಳು. ತಂದೆ ಸೌದಿಯಲ್ಲಿ ಡ್ರೈವರ್, ಮೂರು ವರ್ಷದಿಂದ ಊರಿಗೆ ಬಂದಿಲ್ಲ. ತಾಯಿ ಬೀಡಿ ಕಟ್ಟುವವರು. ಬುರ್ಖಾದ ತೋಳಿನಿಂದ ಬೆವರು ಒರೆಸುತ್ತಾ ನಿಂತಿದ್ದರು.

ಹುಡುಗಿ ಮೊದಲು, "ನಾನು ತುಂಬಾ ಕಷ್ಟಪಟ್ಟು ಓದಿದ್ದೆ ಸಾರ್" ಎಂದಳು. ಆಮೇಲೆ ಗೆಳತಿಯೊಬ್ಬಳ ಹೆಸರು ಹೇಳಿ, "ಅವಳೂ ನಾನೂ ಒಟ್ಟಿಗೆ ಓದಿದ್ದು, ಅವಳಿಗೆ ಇಪ್ಪತ್ತೆಂಟು" ಎಂದಳು. ಆಮೇಲೆ ಅತ್ತಳು. ತಾಯಿ ಬ್ಯಾರಿಯಲ್ಲಿ ಶುರು ಮಾಡಿದರು. ಸ್ಕಾಲರ್‌ಶಿಪ್ ನಿಂತರೆ ಓದು ನಿಲ್ಲುತ್ತದೆ, ಒಂದು ಸಂಬಂಧ ಬಂದು ಕೂತಿದೆ, ಹುಡುಗಿಯ ಕಾಕ ಕೇಳುತ್ತಾ ಇದ್ದಾನೆ, ಇನ್ನು ನಾನೆಂತ ಹೇಳಲಿ ಎಂದರು. ಕೊನೆಗೆ ತಗ್ಗಿದ ಸ್ವರದಲ್ಲಿ, ನೀವು ನಮ್ಮವರೇ ಅಲ್ವಾ ಸಾರ್, ನಮ್ಮವರು ನೋಡದಿದ್ದರೆ ಬೇರೆ ಯಾರು ನೋಡುವುದು ಎಂದರು.

ಈ 'ನಮ್ಮವರು' ಎಂಬ ಮಾತು ಇದ್ದಲ್ಲಿ ನಾನು ಜಾಗ್ರತೆ. ಇದಕ್ಕೆ ಎರಡು ಮುಖ ಉಂಟು. ಮೇಷ್ಟ್ರು ನಮ್ಮವರಾದರೆ ಕೊಡಲೇಬೇಕು, ಬೇರೆಯವರಾದರೆ ಕೊಡದಿದ್ದದ್ದು ಬೇಕೆಂದೇ. ಕಡಿಮೆ ಮಾರ್ಕು ಬಂದ ಎಷ್ಟೋ ಮನೆಗಳಲ್ಲಿ "ಆ ಮೇಡಮ್ಮಿಗೆ ನಮ್ಮವರನ್ನು ಕಂಡ್ರೆ ಆಗುದಿಲ್ಲ" ಎಂಬ ಮಾತು ಕೇಳಿದ್ದೇನೆ. ಭೇದಭಾವ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ, ಇಪ್ಪತ್ತು ವರ್ಷದಲ್ಲಿ ನೋಡಿದ್ದೇನೆ. ಆದರೆ ಅದನ್ನು ಸಾಧಿಸುವ ದಾರಿ ಬೇರೆ. ಒಂದೇ ಉತ್ತರ ಬರೆದ ಎರಡು ಪೇಪರ್ ಅಕ್ಕಪಕ್ಕ ಇಡಿ, ಒಂದಕ್ಕೆ ಆರು, ಇನ್ನೊಂದಕ್ಕೆ ಎರಡು ಇದ್ದರೆ ಮಾತಾಡುವ. ಅವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿ, ಆ ಊಹೆಯಿಂದ ಮಾರ್ಕು ತಪ್ಪು ಎಂದು ತೀರ್ಮಾನ ಮಾಡುವುದು ವಾದ ಆಗುವುದಿಲ್ಲ. ಪೇಪರ್ ತೋರಿಸಿ ಎಂದು ಕೇಳುವ ಧೈರ್ಯ ಇಲ್ಲದವರು ಮನೆಗೆ ಹೋಗಿ ಮೇಷ್ಟ್ರ ಧರ್ಮ ಹುಡುಕುತ್ತಾರೆ. ಕಟುವಾಗಿ ಹೇಳಿದೆ, ಆದರೆ ಹೇಳಬೇಕಾದ್ದೇ.

ನಾನು ಆ ದಿನ ತಾಯಿ ಮಗಳಿಗೆ ಒಂದು ಸಣ್ಣ ಭಾಷಣ ಮಾಡಿದೆ. ಮುಗಾಲತ ಎಂಬ ಶಬ್ದವನ್ನೂ ಉಪಯೋಗಿಸಿದೆ, ಈಗ ನೆನೆದರೆ ನಾಚಿಕೆ. ನಬಿಯವರ ಒಂದು ಹದೀಸ್ ಕೂಡ ನೆನಪಿಸಿದೆ. ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ನನ್ನ ಬಳಿ ತಗಾದೆ ತರುವವರಲ್ಲಿ ಒಬ್ಬನಿಗೆ ಇನ್ನೊಬ್ಬನಿಗಿಂತ ಮಾತಿನ ಚಾತುರ್ಯ ಹೆಚ್ಚಿರಬಹುದು, ಕೇಳಿದ್ದರ ಮೇಲೆ ನಾನು ತೀರ್ಪು ಕೊಟ್ಟು ಅವನ ಸಹೋದರನ ಹಕ್ಕು ಅವನಿಗೆ ಹೋದರೆ, ಅವನು ತೆಗೆದುಕೊಂಡದ್ದು ಬೆಂಕಿಯ ತುಂಡು ಎಂಬ ಅರ್ಥದ್ದು. ಸಿಗಬೇಕಾಗಿಲ್ಲದ ನಾಲ್ಕು ಮಾರ್ಕು ಬೇಡ ಮಗಳೇ ಎಂದೆ. ಅವರು ತಲೆ ಬಗ್ಗಿಸಿ ಹೋದರು. ಸರಿಯಾಗಿ ಮಾಡಿದೆ ಎಂದು ಸಮಾಧಾನದಲ್ಲಿ ಚಾ ಕುಡಿದೆ.

ಮುಂದಿನ ಮಂಗಳವಾರ ಪೇಪರ್ ಕಟ್ಟುಗಳನ್ನು ಆಫೀಸಿಗೆ ಕೊಡಲು ಜೋಡಿಸುತ್ತಿದ್ದೆ. ಒಂದು ಹುಡುಗನ ಪೇಪರಿನ ಒಳಗಿಂದ ಒಂದು ಎಕ್ಸ್‌ಟ್ರಾ ಶೀಟ್ ಜಾರಿ ಬಿತ್ತು. ದಾರ ಬಿಚ್ಚಿಕೊಂಡಿತ್ತು. ಅಕ್ಷರ ಆ ಹುಡುಗನದ್ದಲ್ಲ. ಮೇಲೆ ನಂಬರ್ ಇತ್ತು, ಹುಡುಗಿಯದ್ದು. ಎಂಟು ಮಾರ್ಕಿನ ಐದನೇ ಪ್ರಶ್ನೆ, ಬೇಡಿಕೆಯ ಸ್ಥಿತಿಸ್ಥಾಪಕತ್ವ. ಪುಸ್ತಕದ ಉದಾಹರಣೆ ಬಿಟ್ಟು ಅವಳು ಬಂಗುಡೆಯ ಉದಾಹರಣೆ ಬರೆದಿದ್ದಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದೆ, ಬಂಗುಡೆಗೆ ರೇಟು ಏರುತ್ತದೆ, ಮನೆಯವರು ಒಣಮೀನಿಗೆ, ಮೊಟ್ಟೆಗೆ ತಿರುಗುತ್ತಾರೆ, ಹಾಗಾಗಿ ಬದಲಿ ವಸ್ತು ಇದ್ದಲ್ಲಿ ಬೇಡಿಕೆ ಬೇಗ ಕುಗ್ಗುತ್ತದೆ. ಅಕ್ಕಿಗೆ ರೇಟು ಏರಿದರೆ ಹಾಗೆ ಆಗುವುದಿಲ್ಲ. ಚಿತ್ರದಲ್ಲಿ ಒಂದು ಅಕ್ಷ ತಪ್ಪಿತ್ತು. ಆರು ಮಾರ್ಕು ಕೊಟ್ಟೆ. ಹದಿನಾರು ಮತ್ತು ಆರು, ಇಪ್ಪತ್ತೆರಡು.

ಶನಿವಾರ ದಾಟಿ ಮೂರು ದಿನ ಆಗಿತ್ತು.

ಆ ಕುರ್ಚಿಯಲ್ಲಿ ನಾನು ಎಷ್ಟು ಹೊತ್ತು ಕೂತೆನೋ ಗೊತ್ತಿಲ್ಲ. ಅವಳ ವಾದಗಳೆಲ್ಲ ತಪ್ಪಾಗಿದ್ದವು, ಅದರಲ್ಲಿ ಸಂಶಯ ಇಲ್ಲ. ಆದರೆ ಅವಳು ಹೇಳಿದ್ದು ನಿಜವಾಗಿತ್ತು. ವಾದ ಕೆಟ್ಟದ್ದಾಗಿದೆ, ಆದ್ದರಿಂದ ಕೇಳಿದ್ದು ಸುಳ್ಳು ಎಂದು ನಾನು ತೀರ್ಮಾನ ಮಾಡಿದ್ದೆ. ಅದೂ ತರ್ಕದೋಷವೇ. ಕೋರ್ಟಿನಲ್ಲಿ ವಕೀಲ ಸೋತರೆ ಕಕ್ಷಿದಾರ ಅಪರಾಧಿ ಎಂದು ಅರ್ಥ ಆಗುತ್ತದಾ? ಜೊತೆಗೆ ಒಂದು ಮಾತು ನನಗೆ ಹೊಳೆದಿರಲೇ ಇಲ್ಲ. "ಸಾರ್, ಐದನೇ ಪ್ರಶ್ನೆಗೆ ಎಷ್ಟು ಕೊಟ್ಟಿದ್ದೀರಿ?" ಎಂಬ ಒಂದೇ ಪ್ರಶ್ನೆ ಸಾಕಿತ್ತು. ಅವಳು ಯಾಕೆ ಕೇಳಲಿಲ್ಲ? ನಾನು ಪೇಪರ್ ಕೈಗೆ ಕೊಟ್ಟಿರಲಿಲ್ಲ. ಹಾಜರಿ ಕರೆದ ಹಾಗೆ ಮಾರ್ಕು ಓದಿದ್ದೆ, ಅಷ್ಟೆ. ಪುರಾವೆ ನನ್ನ ಕಪಾಟಿನಲ್ಲಿ ಬೀಗ ಹಾಕಿ ಇಟ್ಟು, ನೀನು ಬುರ್‌ಹಾನ್ ತಂದಿಲ್ಲ ಎಂದು ಅವಳಿಗೆ ಹೇಳಿದ್ದೆ.

ಸೂರಃ ಅಲ್ ಮುತಫ್ಫಿಫೀನಿನ ಮೊದಲ ಆಯತ್ತುಗಳು ಅಳತೆಯಲ್ಲಿ ಮೋಸ ಮಾಡುವವರ ಬಗ್ಗೆ. ಜನರಿಂದ ಅಳೆದು ತೆಗೆದುಕೊಳ್ಳುವಾಗ ಪೂರ್ತಿ, ಅಳೆದು ಕೊಡುವಾಗ ಕಡಿಮೆ. ಅದನ್ನು ನಾವು ಮೀನು ಮಾರ್ಕೆಟಿನ ತಕ್ಕಡಿಗೆ ಮಾತ್ರ ಹಚ್ಚುತ್ತೇವೆ.

ಸಂಜೆ ಅವರ ಮನೆಗೆ ಹೋದೆ. ತಾಯಿ ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಕೈ ನಿಲ್ಲಿಸಲಿಲ್ಲ. "ಆವತ್ತು ನಾವು ಹೇಳಿದ್ದು ನೀವು ಕೇಳ್ಲಿಲ್ಲ" ಎಂದರು, ಅಷ್ಟೇ. ಹುಡುಗಿ ಒಳಗಿನಿಂದ ಚಾ ತಂದಿಟ್ಟು ಬಾಗಿಲ ಬಳಿ ನಿಂತಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಸಾರ್, ಬೇರೆಯವರ ಪೇಪರ್ ಕೂಡ ನೋಡಿದ್ರಾ?"

ನೋಡಿರಲಿಲ್ಲ.

ಟ್ರಸ್ಟಿನವರ ಬಳಿ ಹೋದಾಗ ನನ್ನ ಬಣ್ಣ ನನಗೇ ಗೊತ್ತಾಯಿತು. ದಿನಾಂಕ ಮುಗಿದಿದೆ, ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರು ಕಾರ್ಯದರ್ಶಿ. ನಾನು ಬಾಯಿ ತೆರೆದೆ. ಪಾಪದ ಹುಡುಗಿ, ತಾಯಿ ಬೀಡಿ ಕಟ್ಟುವುದು, ತಂದೆ ಮೂರು ವರ್ಷದಿಂದ ಬಂದಿಲ್ಲ, ಸಂಬಂಧ ಬಂದು ಕೂತಿದೆ, ನೀವೂ ಹೆಣ್ಣುಮಕ್ಕಳ ತಂದೆ. ಒಂದು ವಾರದ ಹಿಂದೆ ಮುಗಾಲತ ಎಂದು ತಳ್ಳಿದ್ದ ಮಾತುಗಳೇ ನನ್ನ ಬಾಯಿಂದ ಸಾಲಾಗಿ ಬಂದವು. ಕಾರ್ಯದರ್ಶಿ ಕೇಳಿ, "ಇಂಥವರು ನಮ್ಮಲ್ಲಿ ಇನ್ನೂರು ಜನ ಇದ್ದಾರೆ ಸಾರ್" ಎಂದರು. ನಿಜ. ಅವರೆಲ್ಲರೂ ಪಾಪದವರೇ, ಹಾಗಾಗಿ ಪಾಪದವಳು ಎಂಬುದು ಇವಳಿಗೆ ಮಾತ್ರ ದಿನಾಂಕ ಸಡಿಲಿಸಲು ಕಾರಣ ಅಲ್ಲ. ಕಾರಣ ಬೇರೆ ಇತ್ತು. ಮನೆಗೆ ಬಂದು ಒಂದು ಪತ್ರ ಬರೆದೆ: ಮಾರ್ಕು ತಪ್ಪಾಗಿ ದಾಖಲಾದದ್ದು ನನ್ನಿಂದ, ತಪ್ಪು ಗೊತ್ತಾದ ದಿನ ಇಂಥದ್ದು, ಸರಿಯಾದ ಮಾರ್ಕು ಇಂಥದ್ದು, ಉತ್ತರ ಪತ್ರಿಕೆಯ ಪ್ರತಿ ಲಗತ್ತಿಸಿದೆ, ವಿದ್ಯಾರ್ಥಿನಿಯ ತಪ್ಪು ಏನೂ ಇಲ್ಲ. ಬೀಡಿಯ ಮಾತು ಇಲ್ಲ, ಸೌದಿಯ ಮಾತು ಇಲ್ಲ. ಪ್ರಿನ್ಸಿಪಾಲರ ಸಹಿ ಹಾಕಿಸಿ ಕೊಟ್ಟೆ. ಕಮಿಟಿ ಸೇರುವಾಗ ತಿಂಗಳು ಕಳೆಯಿತು. ಎರಡನೇ ಕಂತಿನಿಂದ ಕೊಡಲು ಒಪ್ಪಿದರು. ಮೊದಲ ಕಂತು ಹೋದದ್ದು ಹೋಯಿತು. ಹುಡುಗಿ ಓದು ಮುಗಿಸಿದಳು.

ಇದನ್ನೆಲ್ಲ ಈಗ ಬರೆಯಲು ಕಾರಣ, ರಿಸಲ್ಟ್ ಬರುವ ಹೊತ್ತಿಗೆ ಮನೆಮನೆಗಳಲ್ಲಿ ನಡೆಯುವ ಮಾತು. ತಂದೆ ತಾಯಂದಿರ ತರ್ಕವೂ ಮಕ್ಕಳದ್ದಕ್ಕಿಂತ ಭಾರಿ ಏನೂ ಇಲ್ಲ. "ಪಕ್ಕದ ಮನೆಯವನಿಗೆ 590, ನಿನಗೆ ಯಾಕೆ ಇಲ್ಲ? ಅವನೂ ಅನ್ನವೇ ತಿನ್ನುವುದಲ್ವಾ?" ಎನ್ನುತ್ತೇವೆ. ಅನ್ನ ಸಮಾನ, ಬೇರೆ ಯಾವುದೂ ಸಮಾನ ಅಲ್ಲ ಎಂದು ಮಗು ಹೇಳಿದರೆ ಎದುರುತ್ತರ ಎನ್ನುತ್ತೇವೆ. ಪತ್ರಿಕೆ ಓದುವ ದೊಡ್ಡವರೂ ಬಿಟ್ಟಿಲ್ಲ. 2024ರಲ್ಲಿ ರಾಜ್ಯದ ಎಸೆಸೆಲ್ಸಿ ಫಲಿತಾಂಶ ಶೇ. 73.40, 2025ರ ಮೊದಲ ಪರೀಕ್ಷೆಯಲ್ಲಿ ಶೇ. 62.34. ಮಕ್ಕಳು ಒಂದೇ ವರ್ಷದಲ್ಲಿ ದಡ್ಡರಾದರು ಎಂದು ಚಾ ಅಂಗಡಿಯಲ್ಲಿ ಮಾತು. 2024ರಲ್ಲಿ ಶೇ. 20ರಷ್ಟು ಗ್ರೇಸ್ ಮಾರ್ಕು ಇತ್ತು, 2025ರಲ್ಲಿ ಅದನ್ನು ತೆಗೆದಿದ್ದರು. ಎರಡು ತಕ್ಕಡಿಯಲ್ಲಿ ತೂಗಿದ್ದನ್ನು ಹೋಲಿಸಿ ಮಕ್ಕಳಿಗೆ ಬೈದರೆ ಹೇಗೆ?

ಮಾರ್ಕು ಕಡಿಮೆ ಬಂತು ಎಂದು ನಿಜವಾಗಿ ಅನಿಸಿದರೆ ಕಣ್ಣೀರು, ಶಿಫಾರಸು, ಜಮಾಅತಿನ ಅಧ್ಯಕ್ಷರ ಫೋನು ಇವು ಯಾವುದೂ ಬೇಡ. ಪೇಪರ್ ಕೇಳಿ. ಎಸೆಸೆಲ್ಸಿ, ಪಿಯುಸಿ ಮಂಡಳಿ ಪರೀಕ್ಷೆಗಳಲ್ಲಿ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಲು, ಮರುಎಣಿಕೆಗೆ, ಮರುಮೌಲ್ಯಮಾಪನಕ್ಕೆ ಅವಕಾಶ ಉಂಟು. ಫೀಸು, ದಿನಾಂಕ ವರ್ಷ ವರ್ಷ ಬದಲಾಗುತ್ತದೆ, ಫಲಿತಾಂಶದ ಜೊತೆಗೆ ಬರುವ ಸುತ್ತೋಲೆಯಲ್ಲಿ ಇರುತ್ತದೆ. ದಿನಗಳು ಕಡಿಮೆ, ಬಾಪ ಗಲ್ಫಿನಿಂದ ಫೋನ್ ಮಾಡಿ ಬೈದು ಮುಗಿಸುವಷ್ಟರಲ್ಲಿ ಕೊನೆಯ ದಿನಾಂಕ ದಾಟಿರುತ್ತದೆ. ಮತ್ತೊಂದು ದಾರಿ ಬಹಳ ಮಂದಿಗೆ ಗೊತ್ತಿಲ್ಲ. 2008ರ ಹತ್ತನೇ ತರಗತಿ ಪರೀಕ್ಷೆಯಲ್ಲಿ ತನಗೆ ಬಂದ ಮಾರ್ಕು ಸರಿ ಅನಿಸದ ವಿದ್ಯಾರ್ಥಿಯೊಬ್ಬ ತನ್ನ ಉತ್ತರ ಪತ್ರಿಕೆ ನೋಡಬೇಕು ಎಂದು ಸಿಬಿಎಸ್‌ಇಯನ್ನು ಕೇಳಿದ. ಕೊಡುವುದಿಲ್ಲ ಎಂದರು. ವಿಷಯ ಕಲ್ಕತ್ತಾ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟ್, ಮೌಲ್ಯಮಾಪನ ಆದ ತನ್ನ ಉತ್ತರ ಪತ್ರಿಕೆಯನ್ನು ನೋಡುವ ಹಕ್ಕು ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ವಿದ್ಯಾರ್ಥಿಗೆ ಉಂಟು ಎಂದು ತೀರ್ಪು ಕೊಟ್ಟಿತು. ಕರ್ನಾಟಕದಲ್ಲಿ ಆ ಅರ್ಜಿಗೆ ಹತ್ತು ರೂಪಾಯಿ ಶುಲ್ಕ. ಮೂವತ್ತು ದಿನದೊಳಗೆ ಉತ್ತರ ಬರಬೇಕು. ಆ ಹುಡುಗ ಕೋರ್ಟಿನಲ್ಲಿ ಗೆದ್ದದ್ದು ಮಾರ್ಕನ್ನಲ್ಲ, ಪೇಪರ್ ನೋಡುವ ಅವಕಾಶವನ್ನು ಎಂಬುದು ನೆನಪಿರಲಿ. ಮರುಮೌಲ್ಯಮಾಪನಕ್ಕೆ ಕೋರ್ಟು ಹೇಳಲಿಲ್ಲ.

ಪೇಪರ್ ಕೈಗೆ ಬಂದ ಮೇಲೆ ಕೆಲಸ ಸುಲಭ. ಒಟ್ಟು ಕೂಡಿಸಿ ನೋಡಿ. ಮಾರ್ಕೇ ಹಾಕದ ಉತ್ತರ ಇದೆಯಾ ನೋಡಿ. ಎಕ್ಸ್‌ಟ್ರಾ ಶೀಟುಗಳೆಲ್ಲ ಇವೆಯಾ ಎಣಿಸಿ. ಮಾದರಿ ಉತ್ತರದ ಎದುರು ನಿಮ್ಮ ಉತ್ತರ ಇಟ್ಟು, ಈ ಅಂಶ ಇಲ್ಲಿ ಇದೆ, ಇದಕ್ಕೆ ಮಾರ್ಕು ಬಂದಿಲ್ಲ ಎಂದು ಬೆರಳಿಟ್ಟು ತೋರಿಸಿ. ಗೆಳತಿಯ ಹೋಲಿಕೆಯೂ ಆಗ ಮಾತ್ರ ವಾದ ಆಗುತ್ತದೆ. ಒಟ್ಟಿಗೆ ಓದಿದ್ದು ಹೋಲಿಕೆ ಅಲ್ಲ, ಒಂದೇ ರೀತಿ ಬರೆದದ್ದು ಹೋಲಿಕೆ. ಮದ್ರಸದ 5, 7, 10, 12ನೇ ತರಗತಿಯ ಪಬ್ಲಿಕ್ ಪರೀಕ್ಷೆಗೂ ಇದೇ ಮಾತು. ಉಸ್ತಾದರ ಮೇಲೆ ಮುನಿಸಿಕೊಂಡು ಮಗುವನ್ನು ಮದ್ರಸ ಬಿಡಿಸಿದ ಮನೆಗಳೂ ನನಗೆ ಗೊತ್ತು.

ನಾನು ಆ ವರ್ಷದಿಂದ ಇಂಟರ್ನಲ್ ಪೇಪರುಗಳನ್ನು ಕ್ಲಾಸಿನಲ್ಲೇ ಕೈಗೆ ಕೊಡುತ್ತೇನೆ. ಹತ್ತು ನಿಮಿಷ ಟೈಮ್, ಕೂಡಿಸಿ ನೋಡಿ, ಕೇಳುವುದಿದ್ದರೆ ಪೇಪರ್ ಮೇಲೆ ಪೆನ್ಸಿಲಿನಲ್ಲಿ ಬರೆದು ಕೊಡಿ ಎನ್ನುತ್ತೇನೆ. ಸ್ಟಾಫ್ ರೂಮಿನ ಸಾಲು ಅರ್ಧಕ್ಕೆ ಇಳಿದಿದೆ. ಪೂರ್ತಿ ಹೋಗಿಲ್ಲ, ಅಜ್ಜಿಯ ಕಾಯಿಲೆ ಈಗಲೂ ಬರುತ್ತದೆ.

ಹುಡುಗಿ ಕೇಳಿದ ಪ್ರಶ್ನೆಗೆ ಅದೇ ರಾತ್ರಿ ಉತ್ತರ ಹುಡುಕಿದ್ದೆ. ಕಟ್ಟು ಬಿಚ್ಚಿ ಐವತ್ತೆಂಟು ಪೇಪರುಗಳನ್ನೂ ಮೊದಲಿನಿಂದ ಕೂಡಿಸಿದೆ. ಇಬ್ಬರಿಗೆ ಒಂದೊಂದು ಮಾರ್ಕು ಹೆಚ್ಚಾಯಿತು. ಒಬ್ಬನಿಗೆ ಎರಡು ಮಾರ್ಕು ಕಡಿಮೆಯಾಗಬೇಕಿತ್ತು, ನಾನು ಕೂಡಿಸುವಾಗ ಹೆಚ್ಚು ಹಾಕಿದ್ದೆ. ಎಕ್ಸ್‌ಟ್ರಾ ಶೀಟ್ ಯಾರ ಪೇಪರಿನೊಳಗೆ ಸಿಕ್ಕಿತ್ತೋ, ಅವನೇ. ಬೆಳಿಗ್ಗೆ ಮೂರೂ ತಿದ್ದಿ ಆಫೀಸಿಗೆ ಕೊಟ್ಟೆ. ಮರುದಿನ ಅವನ ತಂದೆ ಬಂದರು. ಬಂದರಿನಲ್ಲಿ ಮೀನಿನ ಕಮಿಷನ್ ಏಜೆಂಟ್. ಜಗಳಕ್ಕೆ ಬಂದವರ ಹಾಗೆ ಇರಲಿಲ್ಲ. ಕುರ್ಚಿ ಎಳೆದು ಕೂತರು, ಪೇಪರ್ ನೋಡಿದರು, ಬೆರಳಿನಲ್ಲಿ ಕೂಡಿಸಿದರು, ಲೆಕ್ಕ ಸರಿ ಉಂಟು ಎಂದು ಒಪ್ಪಿದರು. ಆಮೇಲೆ ಕೇಳಿದರು:

"ಅಲ್ಲ ಸಾರ್, ನಮ್ಮಲ್ಲಿ ತೂಕ ಹಾಕುವಾಗ ತಪ್ಪಿ ಎರಡು ಮೀನು ಹೆಚ್ಚು ಹೋದ್ರೆ, ಗಿರಾಕಿ ಮನೆಗೆ ಹೋದ ಮೇಲೆ ನಾವು ಹಿಂದೆ ಓಡಿಕೊಂಡು ಹೋಗಿ ತೆಗೊಳ್ತೇವಾ?"

ಇದು ಹದಿಮೂರರಲ್ಲಿ ಯಾವುದು ಎಂದು ನಾನು ಆಗ ಯೋಚಿಸಿದೆ, ಮತ್ತೆಯೂ ಯೋಚಿಸಿದ್ದೇನೆ. ಮಾರ್ಕು ಎರಡು ಕಡಿಮೆಯೇ ಆಯಿತು. ಅವರು ಚಾ ಕುಡಿದು ಹೋದರು.